ಯುಲಾಲಿಯ ಮೂವತ್ತು ಮಾರು

ಯುಲಾಲಿಗೆ ಜಂಬವಿತ್ತು. ಅದನ್ನು ಅವಳ ಬೆನ್ನ ಹಿಂದೆ ಆಡಿಕೊಳ್ಳುವ ಸುಖ ಊರಿನಲ್ಲಿ ಯಾರಿಗೂ ಸಿಗುತ್ತಿರಲಿಲ್ಲ, ಏಕೆಂದರೆ ಅವಳೇ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. "ಹೌದ್ರಪ್ಪ, ನಂಗೆ ಜಂಬ. ಆ ಆಳದಿಂದ ಟ್ರೌಟ್ ಎತ್ಕೊಂಡು ಬನ್ನಿ, ನೀವೂ ಪಡಿ. ಯಾರು ಬೇಡ ಅಂತಾರೆ?"

ಯಾರೂ ಎತ್ತಿಕೊಂಡು ಬರುತ್ತಿರಲಿಲ್ಲ. ಊರ ಮುಂದಿನ ಕೊಲ್ಲಿಯಲ್ಲಿ ಬಲೆ ಹಾಕಿ ಬಿಳಿಮೀನು ಹಿಡಿಯುವುದು ಎಲ್ಲರಿಗೂ ಬರುತ್ತಿತ್ತು. ದೊಡ್ಡ ಟ್ರೌಟ್ ಮೀನಿನ ವಿಷಯ ಬೇರೆ. ಚಳಿಗಾಲ ಮುಗಿಯುವ ಹೊತ್ತಿಗೆ ಅದು ಕೊಬ್ಬಿ, ಬೆಳಕು ಮುಟ್ಟದ ಆಳದಲ್ಲಿ ಮಲಗಿರುತ್ತದೆ. ತು ನೆಧೇ, ಎಂದರೆ ದೊಡ್ಡ ನೀರು ಎಂದು ಈ ಹಿಮನಾಡಿನ ಡೆನೆ ಜನ ಕರೆಯುವ ಆ ಸರೋವರದಲ್ಲಿ ಆಳಕ್ಕೇನು ಕೊರತೆ? ಯೆಲ್ಲೋನೈಫ್ ಪಟ್ಟಣದಿಂದ ಯಂತ್ರಗಳನ್ನು ತಂದು ಅಳೆದವರು ಕೆಲವು ಕಡೆ ತಳವೇ ಸಿಗಲಿಲ್ಲವೆಂದು ತಲೆ ಕೆರೆದುಕೊಂಡು ಹೋಗಿದ್ದರು.

ಆದರೆ ಆ ಆಳದ ನಡುವೆ ನೀರಿನೊಳಗೇ ಒಂದು ಗುಡ್ಡವಿತ್ತು. ಮುದುಕಿಯ ಮೊಣಕಾಲು ಎಂದು ಅದರ ಹೆಸರು. ಗುಡ್ಡದ ನೆತ್ತಿಯಲ್ಲಿ ಮೀನಿಲ್ಲ, ಬುಡದಲ್ಲೂ ಇಲ್ಲ. ಇಳಿಜಾರಿನಲ್ಲಿ ಒಂದು ಕಡೆ ಮೆಟ್ಟಿಲಿನಂಥ ಚಪ್ಪಟೆ ಜಾಗವಿದೆ, ದೊಡ್ಡ ಟ್ರೌಟ್‌ಗಳು ಅಲ್ಲಿ ಒತ್ತೊತ್ತಾಗಿ ಮಲಗಿರುತ್ತವೆ. ಅದನ್ನು ಯುಲಾಲಿಗೆ ತೋರಿಸಿದವಳು ಅವಳ ಅತ್ತೆ. ದಡದ ಕೆಂಪು ಬಂಡೆಯೂ ಹಕ್ಕಿದ್ವೀಪದ ಮೂಗೂ ಒಂದೇ ಗೆರೆಗೆ ಬರುವಲ್ಲಿ ನಿಲ್ಲಬೇಕು. ಹೆಪ್ಪುಗಟ್ಟಿದ ಸರೋವರದ ಐಸ್ ಕೊರೆದು ದಾರ ಇಳಿಬಿಟ್ಟು, ಎರಡೂ ಕೈ ಅಗಲಿಸಿ ಮಾರು ಮಾರಾಗಿ ಎಣಿಸಬೇಕು. ಬೇಗನೆ ತಳ ಮುಟ್ಟಿದರೆ ನೆತ್ತಿಯ ಮೇಲಿದ್ದೀಯ ಎಂದು ಅರ್ಥ. ಆಳದ ಕಡೆಗೆ ನಡೆದು ಇನ್ನೊಂದು ತೂತು ಕೊರೆಯಬೇಕು. ದಾರ ಸರಿಯಾಗಿ ಮೂವತ್ತು ಮಾರಿಗೆ ತಳ ಮುಟ್ಟಿದ ಕಡೆ ಮೆಟ್ಟಿಲು. ಯುಲಾಲಿ ಮದುವೆಯಾಗಿ ಬಂದ ವರ್ಷ ತನ್ನ ಕೈಯಲ್ಲೇ ಅಳೆದು ಗಟ್ಟಿ ಮಾಡಿಕೊಂಡ ಲೆಕ್ಕವಿದು. ದಾರಕ್ಕೆ ಗಂಟು ಹಾಕಿ ಗುರುತು ಇಡುವವರನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. "ಗಂಟಿನ ಮೇಲೆ ಐಸ್ ಕಟ್ಟುತ್ತೆ, ಬೆರಳು ಕೊಯ್ಯುತ್ತೆ. ನನ್ನ ಕೈ ನನ್ನ ಹತ್ರಾನೇ ಇದೆಯಲ್ಲ, ಮರೆತು ಬರೋ ಹಾಗಿಲ್ಲ."

ಈಸ್ಟರ್ ಹಬ್ಬಕ್ಕೆ ಊರಿಗೆಲ್ಲ ಒಂದೇ ಊಟ. ಆ ಊಟಕ್ಕೆ ಆಳದ ಟ್ರೌಟೇ ಆಗಬೇಕು. ಮಾಂಸ ಎಲ್ಲರಿಗೆ, ತಲೆ ಮಾತ್ರ ಗೋಡೆ ಪಕ್ಕದ ಬೆಂಚಿನಲ್ಲಿ ಕೂತ ಹಿರಿಯರಿಗೆ. ಅದು ಮರ್ಯಾದೆ, ನಿಜ. ಆದರೆ ಒಮ್ಮೆ ಆ ಬೆಂಚಿನಲ್ಲಿ ಕೂತು ತಲೆ ತಿಂದವರು ಮತ್ತೆ ಹಬ್ಬಕ್ಕೆ ಮೀನು ತರುವ ಹಾಗಿಲ್ಲ. ಗಾಳ ಕೈಬಿಟ್ಟು ಹೋಯಿತು ಎಂದೇ ಲೆಕ್ಕ. ಅದಕ್ಕೇ ಯುಲಾಲಿ ಎಪ್ಪತ್ತು ದಾಟಿದರೂ ಬೆಂಚಿನ ಕಡೆ ಸುಳಿಯುತ್ತಿರಲಿಲ್ಲ. ಮನೆಯಲ್ಲಿ ಕೂಡ ಮೀನಿನ ತಲೆಯನ್ನು ಬಾಯಿಗೆ ಇಟ್ಟವಳಲ್ಲ. ಅವಳ ಮೈದುನ ಇಸಿಡೋರ್ ಅರವತ್ತಕ್ಕೇ ಬೆನ್ನು ನೋವೆಂದು ನೆಪ ಹೇಳಿ ಬೆಂಚು ಸೇರಿದ್ದ, ಅಂದಿನಿಂದ ದಪ್ಪಗಾಗುತ್ತಲೇ ಇದ್ದ.

ಈಗ ಎರಡು ವಸಂತಗಳಿಂದ ಯುಲಾಲಿ ಬರಿಗೈಯಲ್ಲಿ ಬಂದಿದ್ದಳು. ಮೊದಲ ವರ್ಷ ಇಸಿಡೋರ್‌ನ ಹಿಮದ ಮೇಲೆ ಓಡುವ ಹೊಸ ಸ್ಕಿಡೂ ಮೋಟಾರು ಬಂಡಿಯ ಗದ್ದಲಕ್ಕೆ ಮೀನು ಹೆದರಿ ಓಡಿದವು ಎಂದಳು. ಎರಡನೆಯ ವರ್ಷ ನೀರಿಗೆ ಕಾಣಿಕೆ ಹಾಕುವ ಹೊಗೆಸೊಪ್ಪು ಕಡಿಮೆಯಾಯಿತೇನೋ ಎಂದು ಅನುಮಾನಪಟ್ಟು ನೀರಿಗೆ ಎರಡರಷ್ಟು ಹಾಕಿದಳು. ನೀರು ಹೊಗೆಸೊಪ್ಪು ತೆಗೆದುಕೊಂಡಿತು, ಮೀನು ಕೊಡಲಿಲ್ಲ. ಎರಡು ಹಬ್ಬಗಳೂ ಬಿಳಿಮೀನಿನಲ್ಲಿ ಕಳೆದವು. ಟ್ರೌಟ್ ಮೊಣಕಾಲು ಬಿಟ್ಟು ಹೋಗಿವೆ ಎಂದು ಊರೆಲ್ಲ ಮಾತಾಡಿಕೊಂಡಿತು. ಆ ಮಾತು ಕೇಳಿದಾಗಲೆಲ್ಲ ಅವಳು ಅಲ್ಲಿಂದ ಎದ್ದು ಹೋಗುತ್ತಿದ್ದಳು.

ಈ ಸಲ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಇಸಿಡೋರ್ ಬಾಗಿಲಿಗೇ ಬಂದ. ಅವಳು ಜಾರುಬಂಡಿಗೆ ಐಸ್ ಕೊರೆಯುವ ಬೈರಿಗೆ, ಹಾರೆ, ಟೀ ಕೆಟಲ್ ಹೇರುತ್ತಿದ್ದಳು.

"ಏನತ್ತಿಗೆ, ಮತ್ತೆ ಹೊರಟ್ರಾ ನೀರು ನೋಡೋಕೆ?"

"ಮೀನು ತರೋಕೆ."

"ನೋಡಿ, ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಜಾಗ ಒರೆಸಿ ಇಟ್ಟಿದ್ದೀನಿ. ದಿಂಬು ಕೂಡ ಹಾಕಿದ್ದೀನಿ. ಈ ಸಲಾನೂ ಬರಿಗೈಯಾದ್ರೆ ನಾಚ್ಕೋಬೇಡಿ, ಬಂದು ಕೂತ್ಕೊಳಿ. ತಲೆ ಇಲ್ದಿದ್ರೆ ಬಾಲನಾದ್ರೂ ಕೊಡಿಸ್ತೀನಿ."

"ಆ ದಿಂಬು ನೀನೇ ಇಟ್ಕೋ. ನಿನ್ನ ಹಿಂಭಾಗಕ್ಕೆ ಒಂದು ಸಾಲಲ್ಲ," ಎಂದಳು ಯುಲಾಲಿ. ಮಗಳು ಬರ್ನಡೆಟ್ ಮುಖ ತಿರುಗಿಸಿ ನಕ್ಕಳು.

ಮಾತಿಗೇನೋ ಮಾತು ಕೊಟ್ಟಳು. ಆದರೆ ಮಗಳು ಓಡಿಸುತ್ತಿದ್ದ ಬಂಡಿಯ ಹಿಂದೆ ಕೂತು ಕೊಲ್ಲಿ ದಾಟುವಾಗ ಅವಳಿಗೆ ಭಯವಾಗುತ್ತಿತ್ತು. ಮೂರನೆಯ ಸಲವೂ ಮೀನು ಸಿಗದಿದ್ದರೆ ಯಾರೂ ಬಲವಂತ ಮಾಡಬೇಕಿಲ್ಲ, ಅವಳೇ ಹೋಗಿ ಕೂರಬೇಕಾಗುತ್ತದೆ. ಸೋತು ಕೂರುವುದು ಅವಳಿಗೆ ಗೊತ್ತಿರಲಿಲ್ಲ.

ಬರ್ನಡೆಟ್ ಊರ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ನಲವತ್ತರ ಹತ್ತಿರದ ಹೆಂಗಸು. ಬೈರಿಗೆಯ ಮೋಟಾರು ಹಿಡಿಯಲು ಅಮ್ಮನ ಕೈಲಾಗದೆ ಹೋದ ಮೇಲೆ, ಈ ಎರಡು ವರ್ಷ ಅವಳೇ ಜೊತೆಗೆ ಬರುತ್ತಿದ್ದಳು. ತೂತು ಕೊರೆಯುವುದು, ಐಸ್ ಚೂರನ್ನು ಜಾಲರಿ ಸೌಟಿನಲ್ಲಿ ತೆಗೆಯುವುದು, ಟೀ ಕಾಯಿಸುವುದು ಅವಳ ಕೆಲಸ. ದಾರ ಮಾತ್ರ ಅವಳ ಕೈಗೆ ಬರುತ್ತಿರಲಿಲ್ಲ.

ಕೆಂಪು ಬಂಡೆ, ದ್ವೀಪದ ಮೂಗು, ಎರಡೂ ಗೆರೆಗೆ ಬಂದವು. ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಬರ್ನಡೆಟ್ ಕೊರೆದಳು. ಯುಲಾಲಿ ಚಿಟಿಕೆ ಹೊಗೆಸೊಪ್ಪನ್ನು ನೀರಿಗೆ ಹಾಕಿ, ಮನಸ್ಸಿನಲ್ಲೇ ಎರಡು ಮಾತಾಡಿ, ಸೀಸದ ಗುಂಡು ಇಳಿಬಿಟ್ಟಳು. ಬೇಗ ತಳ ಮುಟ್ಟಿತು. ನೆತ್ತಿ. ಆಳದ ಕಡೆಗೆ ನಡೆದು ಮತ್ತೊಂದು ತೂತು. ಅದೂ ನೆತ್ತಿಯೇ. ಮೂರನೆಯದರಲ್ಲಿ ಎಣಿಕೆ ಸರಿಯಾಗಿ ಮೂವತ್ತಕ್ಕೆ ನಿಂತಿತು.

"ಇಲ್ಲೇ," ಎಂದಳು ಯುಲಾಲಿ. ದಾರಕ್ಕೆ ನೀರಿನ ಮಟ್ಟದಲ್ಲಿ ಒಂದು ಕೆಂಪು ಉಣ್ಣೆ ಎಳೆ ಕಟ್ಟಿ, ಗುಂಡು ಬಿಚ್ಚಿ, ಬಿಳಿಮೀನಿನ ಹೊಟ್ಟೆಯ ಚೂರು ಸಿಕ್ಕಿಸಿದ ಗಾಳ ಕಟ್ಟಿದಳು. ಮಂಡಿಯೂರಿ ದಾರ ಎತ್ತಿದಳು, ಬಿಟ್ಟಳು, ಎತ್ತಿದಳು. ಮಧ್ಯಾಹ್ನವಾಯಿತು. ಅಂಗೈ ಉದ್ದದ ಒಂದು ಮರಿ ಟ್ರೌಟ್ ಬಂತು, ಅದನ್ನು ಬೈದು ವಾಪಸು ಬಿಟ್ಟಳು. ಮತ್ತೇನೂ ಇಲ್ಲ.

"ಟೀ ಕುಡಿ ಅಮ್ಮ. ದಾರ ನಾನು ಸುತ್ತಿಡ್ತೀನಿ, ಇಲ್ದಿದ್ರೆ ಐಸ್ ಹಿಡಿಯುತ್ತೆ," ಎಂದಳು ಬರ್ನಡೆಟ್. ಯುಲಾಲಿ ಬೇಡವೆನ್ನಲಿಲ್ಲ. ಬೇಡವೆನ್ನುವಷ್ಟು ಶಕ್ತಿ ಉಳಿದಿರಲಿಲ್ಲ.

ಬರ್ನಡೆಟ್ ಕೈ ಅಗಲಿಸಿ ಅಗಲಿಸಿ ದಾರ ಎಳೆದುಕೊಂಡಳು. ಸುಮ್ಮನೆ ಹೊತ್ತು ಹೋಗಲೆಂದು ಎಣಿಸುತ್ತಲೂ ಇದ್ದಳು. ಗಾಳ ಮೇಲೆ ಬಂದಾಗ ಗಾಳದಿಂದ ಕೆಂಪು ಎಳೆಯವರೆಗೆ ಇನ್ನೊಮ್ಮೆ ಎಣಿಸಿದಳು.

"ಅಮ್ಮ, ಇದು ಇಪ್ಪತ್ತನಾಲ್ಕೇ ಇದೆ."

"ನಿಂಗೆ ಎಣಿಸೋಕೆ ಬರಲ್ಲ. ಅಂಗಡಿಯೋರು ನಿನ್ನ ಹೇಗೆ ಇಟ್ಕೊಂಡಿದ್ದಾರೋ."

"ಎರಡು ಸಲ ಎಣಿಸ್ದೆ."

"ನಿನ್ನ ಕೈ ಉದ್ದ."

"ನಿನ್ನ ಕೋಟೇ ಅಲ್ವಾ ನಾನು ಹಾಕಿರೋದು? ನನ್ನ ಮದುವೇಲಿ ನೀನೇ ಕೊಟ್ಟದ್ದು. ತೋಳು ನೋಡು."

ಯುಲಾಲಿ ನೋಡಿದಳು. ಕ್ಯಾರಿಬೂ ಜಿಂಕೆಯ ಚರ್ಮದ ಕೋಟು, ಅವಳೇ ತನ್ನ ಮೈಗೆ ಹೊಲಿದುಕೊಂಡದ್ದು. ಮಗಳು ಎರಡೂ ಕೈ ಚಾಚಿ ನಿಂತಿದ್ದಳು. ತೋಳಿನ ಅಂಚು ಎರಡು ಕಡೆಯೂ ಮಣಿಕಟ್ಟಿಗೆ ಸರಿಯಾಗಿ ನಿಂತಿತ್ತು, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವಳು ಎದ್ದು ನಿಂತು ತನ್ನ ಕೈ ಚಾಚಿದಳು. ಬಲಗೈ ನೆಟ್ಟಗೆ ಹೋಯಿತು. ಎಡಗೈ ಅರ್ಧಕ್ಕೆ ಹೋಗಿ ನಿಂತಿತು. ಮೂರು ಚಳಿಗಾಲದ ಹಿಂದೆ ಐಸ್ ದಿಣ್ಣೆ ಹತ್ತುವಾಗ ಬಂಡಿ ಮಗುಚಿ ಎಡ ಭುಜದ ಮೇಲೆ ಬಿದ್ದಿದ್ದಳು. ದಿನಾ ಗೋಡೆಗೆ ಕೈ ಹಚ್ಚಿ ಮೇಲೆ ಮೇಲೆ ಸರಿಸಿ ಎಂದು ದಾದಿ ಹೇಳಿದ್ದಳು. ಗೋಡೆ ತಡವುತ್ತ ನಿಲ್ಲುವುದಕ್ಕೆ ತನಗೇನು ಹುಚ್ಚೇ ಎಂದು ಯುಲಾಲಿ ಸೊಪ್ಪು ಹಾಕಿರಲಿಲ್ಲ. ನೋವು ಹೋಯಿತು, ಭುಜ ಬಿಗಿದುಕೊಂಡಿತು. ಕೈ ಪೂರ್ತಿ ಚಾಚಿದ್ದೇನೆ ಎಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು.

ಟ್ರೌಟ್‌ಗಳು ಎಲ್ಲಿಗೂ ಹೋಗಿರಲಿಲ್ಲ. ಅವಳ ಮಾರು ಚಿಕ್ಕದಾಗಿತ್ತು. ಮೂವತ್ತು ಎಂದು ಎಣಿಸಿ ಎರಡು ವರ್ಷ ನೆತ್ತಿಯ ಅಂಚಿನಲ್ಲೇ ಗಾಳ ಆಡಿಸಿದ್ದಳು. ಮೀನುಗಳು ಸ್ವಲ್ಪ ಕೆಳಗೆ, ತಮ್ಮ ಮೆಟ್ಟಿಲಿನ ಮೇಲೆ, ಹಾಯಾಗಿ ಮಲಗಿದ್ದವು.

ಅವಳಿಗೆ ಮೊದಲು ಸಿಟ್ಟು ಬಂತು, ಮಗಳ ಮೇಲೆ. ಆಮೇಲೆ ನಾಚಿಕೆ. ಬೈದದ್ದು ಯಾರ್ಯಾರನ್ನು! ನೀರನ್ನು ಬೈದಿದ್ದಳು, ಸ್ಕಿಡೂವನ್ನು ಬೈದಿದ್ದಳು, ಇಸಿಡೋರ್ ಮಾಟ ಮಾಡಿಸಿದ್ದಾನೆ ಎಂದು ಅರ್ಧ ಊರಿಗೆ ಹೇಳಿಬಂದಿದ್ದಳು.

"ಆಯ್ತು, ಬಿಡು. ನಾನೇ ಮೂವತ್ತೇಳೋ ಮೂವತ್ತೆಂಟೋ ಎಣಿಸ್ತೀನಿ. ಅಷ್ಟೇ ತಾನೆ," ಎಂದಳು.

ಆಳದ ಕಡೆಗೆ ಇನ್ನೊಂದು ತೂತು ಕೊರೆದರು. ಯುಲಾಲಿ ಎಣಿಸಿದಳು, ಮೂವತ್ತಾರಕ್ಕೆ ತಳ. ಅನುಮಾನ ಬಂದು ಎಳೆದು ಮತ್ತೆ ಎಣಿಸಿದಳು, ಮೂವತ್ತೊಂಬತ್ತು. ಮೂರನೆಯ ಸಲ ನಲವತ್ತು ದಾಟಿತು. ಚಳಿಗೆ ಭುಜ ಇನ್ನಷ್ಟು ಬಿಗಿಯುತ್ತಿತ್ತು, ಪ್ರತಿ ಮಾರೂ ಹಿಂದಿನದಕ್ಕಿಂತ ಗಿಡ್ಡವಾಗುತ್ತಿತ್ತು. ಇಂಥ ಕೈಯಿಂದ ಅಳೆದದ್ದನ್ನು ಯಾರು ನಂಬುತ್ತಾರೆ? ಅವಳೇ ನಂಬಲಿಲ್ಲ.

ಅವಳು ದಾರವನ್ನು ಮೇಲಕ್ಕೆ ಎಳೆದುಕೊಂಡಳು. ಊರಿಗೆ ಹೋಗಿ ಮೀನು ನಿಜಕ್ಕೂ ಬಿಟ್ಟು ಹೋಗಿವೆ ಎಂದು ಹೇಳಿಬಿಡಬಹುದಿತ್ತು. ಎಲ್ಲರೂ ಆಗಲೇ ಅದನ್ನು ನಂಬಿದ್ದರು. ಯುಲಾಲಿ ಸೋಲಲಿಲ್ಲ, ಮೀನೇ ಓಡಿಹೋದವು ಎನ್ನುತ್ತಿದ್ದರು. ಬರ್ನಡೆಟ್ ಬಾಯಿ ಬಿಡುವವಳಲ್ಲ. ಆದರೆ ಮುದುಕಿಯ ಮೊಣಕಾಲಿನಲ್ಲಿ ಮೀನಿಲ್ಲ ಎಂದು ತನ್ನ ಬಾಯಿಂದಲೇ ಹೇಳುವುದು! ಅತ್ತೆ ಕೈಹಿಡಿದು ತೋರಿಸಿದ ಜಾಗದ ಮೇಲೆ ಸುಳ್ಳು ಹೊರಿಸುವುದು! ಅದನ್ನು ನೆನೆದರೇ ಅವಳಿಗೆ ಮೈ ಉರಿಯಿತು.

"ಹಿಡಿ," ಎಂದು ದಾರವನ್ನು ಮಗಳ ಕಡೆ ಚಾಚಿದಳು.

"ನಾನಾ?"

"ಇಲ್ಲಿ ಇನ್ಯಾರಿದ್ದಾರೆ? ಎದೆ ಎತ್ತಿ ನಿಲ್ಲು. ಕೈ ಪೂರ್ತಿ ಚಾಚು, ನಾಚ್ಕೋಬೇಡ. ಅಂಗಡಿಯಲ್ಲಿ ಬಟ್ಟೆ ಅಳೆಯೋ ಥರ ಜಿಪುಣತನ ಮಾಡಬೇಡ."

ಬರ್ನಡೆಟ್ ಎಣಿಸಿದಳು. ಬಿಸಿಲಿಗೆ ಎದುರಾಗಿ ಆ ಕೈಗಳು ಅಗಲವಾದವು, ಮಡಚಿಕೊಂಡವು, ಮತ್ತೆ ಅಗಲವಾದವು. ಯುಲಾಲಿ ನೋಡಿದಳು. ಇವು ತನ್ನ ಕೈಗಳೇ. ತಾನೇ ಹೆತ್ತು, ಮೀನು ತಿನ್ನಿಸಿ ಬೆಳೆಸಿದ ಕೈಗಳು. ಇಷ್ಟು ಚೆನ್ನಾಗಿ ಬಂದಿವೆ ಎಂದು ಅವಳು ಇದುವರೆಗೆ ಗಮನಿಸಿರಲಿಲ್ಲ.

"ಇಪ್ಪತ್ತೊಂಬತ್ತು," ಎಂದಳು ಬರ್ನಡೆಟ್.

"ಇನ್ನು ಸ್ವಲ್ಪ ಆಚೆ. ಈ ಸಲ ಎರಡು ತೂತು ಸೇರಿಸಿ ಕೊರಿ, ಹಾರೆಯಿಂದ ಅಂಚು ಒಡೆದು ಅಗಲ ಮಾಡು."

"ಮೀನೇ ಇಲ್ಲ, ಆಗಲೇ ಬಾಗಿಲು ಅಗಲ ಮಾಡ್ತಾ ಇದ್ದೀಯಲ್ಲಮ್ಮ."

"ನಾನು ಚಿಕ್ಕ ಮೀನಿಗೆ ತೂತು ಕೊರೆಸೋಳಲ್ಲ. ಕೊರಿ."

ಆ ತೂತಿನಲ್ಲಿ ದಾರ ಸರಿಯಾಗಿ ಮೂವತ್ತಕ್ಕೆ ತಳ ಮುಟ್ಟಿತು.

ಗಾಳ ಆಡಿಸುವುದನ್ನೂ ಬರ್ನಡೆಟ್‌ಗೇ ಬಿಟ್ಟಳು. ಬಿಟ್ಟಳು ಎಂದರೆ ಪಕ್ಕದಲ್ಲಿ ನಿಂತು ಒಂದೇ ಸಮನೆ ಕೂಗುತ್ತಿದ್ದಳು. "ಅಷ್ಟು ಜೋರಾಗಿ ಬೇಡ. ನೀನೇನು ಬೆಣ್ಣೆ ಕಡೀತಿದ್ದೀಯಾ? ಎತ್ತು. ಈಗ ಬಿಡು, ಸುಮ್ನೆ ಬಿಡು, ಗಾಯ ಆದ ಮೀನು ಬೀಳೋ ಹಾಗೆ ಬೀಳಲಿ. ಹಾಂ. ಈಗ ತಾಳು." ಅವಳ ಬಲಗೈ ಜೇಬಿನೊಳಗೆ ತಾನೇ ತಾನಾಗಿ ಏರಿಳಿಯುತ್ತಿತ್ತು.

ಬರ್ನಡೆಟ್‌ಳ ಕೈ ಒಮ್ಮೆಲೇ ಕೆಳಗೆ ಜಗ್ಗಿತು.

"ಅಮ್ಮ, ತಳಕ್ಕೆ ಸಿಕ್ಕಿಹಾಕ್ಕೊಂಡಿತು."

"ತಳ ಅಲ್ಲಾಡುತ್ತಾ?"

ತಳ ಅಲ್ಲಾಡಿತು. ದಾರ ಕೈಗವಸಿನ ಮೇಲೆ ಉಜ್ಜುತ್ತ ಸರಸರನೆ ನೀರಿಗೆ ಓಡಿತು. "ಬಿಡು, ಬಿಡು, ಹೋಗಲಿ ಬಿಡು, ಎಳೀಬೇಡ!" ಎಂದು ಯುಲಾಲಿ ಕುಣಿದಳು. ಮೀನು ಓಡಿತು, ನಿಂತಿತು. ಬರ್ನಡೆಟ್ ಒಂದೊಂದೇ ಮಾರು ಎಳೆದುಕೊಂಡಳು, ಅದು ಅಷ್ಟನ್ನೂ ಮತ್ತೆ ಕಿತ್ತುಕೊಂಡು ಹೋಯಿತು. ಅವಳ ಮುಖ ಕೆಂಪಾಗಿ ಹುಬ್ಬಿನ ಬೆವರು ಅಲ್ಲೇ ಹೆಪ್ಪುಗಟ್ಟಿತು. ಸಾಕಾಯಿತಮ್ಮ, ನೀನು ಹಿಡಿ ಎಂದು ಎರಡು ಸಲ ಹೇಳಿದಳು. ಯುಲಾಲಿ ಎರಡು ಸಲವೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅದು ಅವಳ ಬದುಕಿನಲ್ಲೇ ಅತಿ ಕಷ್ಟದ ಕೆಲಸವಾಗಿತ್ತು.

ಕೊನೆಗೆ ತೂತಿನ ನೀರಿನಲ್ಲಿ ಗುಳ್ಳೆಗಳು ಎದ್ದವು. ಆಳದ ಟ್ರೌಟ್ ಮೇಲೆ ಬರುವಾಗ ಹೊಟ್ಟೆಯೊಳಗಿನ ಗಾಳಿ ಬಿಡುತ್ತದೆ, ಮೀನಿಗಿಂತ ಮೊದಲು ಅದರ ಗುಳ್ಳೆ ಬರುತ್ತದೆ. ಗುಳ್ಳೆ ಕಂಡದ್ದೇ ಯುಲಾಲಿ ಹಿಮದ ಮೇಲೆ ಹೊಟ್ಟೆಯಡಿಯಾಗಿ ಮಲಗಿಬಿಟ್ಟಳು.

"ಅಮ್ಮ, ಏನ್ಮಾಡ್ತಿದ್ದೀಯಾ?"

"ದಾರ ಸಡಿಲ ಬಿಡಬೇಡ."

ಐಸ್ ಗೋಡೆಗಳ ನಡುವೆ ಒಂದು ದೊಡ್ಡ ತಲೆ ಮೇಲೆ ಬಂತು, ಬಾಯಿಯ ಅಂಚಿನ ಒಂದೆಳೆ ಚರ್ಮದಲ್ಲಿ ಗಾಳ ನೇತಾಡುತ್ತಿತ್ತು. ಇನ್ನೊಂದು ಸಲ ತಲೆ ಕೊಡವಿದರೆ ಮುಗಿಯಿತು. ಯುಲಾಲಿ ಬಲಗೈಯನ್ನು ಭುಜದವರೆಗೆ ನೀರಿಗೆ ಹಾಕಿ, ಮೀನಿನ ಕಿವಿರಿನೊಳಗೆ ಬೆರಳು ತೂರಿಸಿ ಹಿಡಿದಳು. "ಎಳಿ!" ಎಂದು ಕೂಗಿದಳು. ಬರ್ನಡೆಟ್ ದಾರ ಬಿಟ್ಟು ಅಮ್ಮನ ಕೋಟಿನ ಸೊಂಟ ಹಿಡಿದು ಎಳೆದಳು. ಅಮ್ಮನೂ ಮೀನೂ ಒಟ್ಟಿಗೇ ಐಸ್ ಮೇಲೆ ಬಂದು ಬಿದ್ದರು.

ಮೀನು ನಾಲ್ಕು ವರ್ಷದ ಮಗುವಿನಷ್ಟು ಉದ್ದವಿತ್ತು. ಇಬ್ಬರೂ ಅದರ ಪಕ್ಕ ಕೂತು ಅಳುತ್ತ ನಕ್ಕರು. ಯುಲಾಲಿಯ ಒದ್ದೆ ತೋಳು ಕ್ಷಣದಲ್ಲಿ ಹಲಗೆಯಂತೆ ಸೆಟೆದುಕೊಂಡಿತು. ಬರ್ನಡೆಟ್ ಅದನ್ನು ತನ್ನ ಕೋಟಿನೊಳಗೆ ಎಳೆದುಕೊಂಡು ಬೆಚ್ಚಗೆ ಮಾಡಿದಳು.

"ನೀನೇ ಹಿಡಿದದ್ದು ಅಂತ ಹೇಳು ಅಮ್ಮ," ಎಂದಳು ಬರ್ನಡೆಟ್ ಮೆಲ್ಲಗೆ. "ಕಿವಿರಿಗೆ ಕೈ ಹಾಕಿದ್ದು ನೀನು ತಾನೆ. ಸುಳ್ಳೇನಲ್ಲ."

ಯುಲಾಲಿ ಮೀನಿನ ಮೈ ಸವರಿದಳು. ಮಗಳು ಹಾಗೆ ಹೇಳಿದ್ದು ಅವಳಿಗೆ ಹಿತವಾಗಿತ್ತು.

ಬೆಳಕು ಹೋಗುವ ಮೊದಲೇ ಇನ್ನೂ ನಾಲ್ಕು ಬಂದವು. ಒಂದೂ ಚಿಕ್ಕದಲ್ಲ.

ಮರುದಿನ ಹಬ್ಬದ ಕೋಣೆಗೆ ಮೀನು ಹೊತ್ತು ತಂದಾಗ ಡೋಲು ಬಡಿಯುತ್ತಿದ್ದವರೂ ಕೈ ನಿಲ್ಲಿಸಿದರು. ಹೆಂಗಸರು ಬ್ಯಾನಕ್ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿಬಂದರು. ಇಸಿಡೋರ್ ಬೆಂಚಿನಿಂದ ಎದ್ದು ಬಂದು ಮೀನಿನ ಸುತ್ತ ಒಂದು ಸುತ್ತು ಹಾಕಿದ. ಅವನಿಗೂ ಖುಷಿಯಾಗಿತ್ತು, ತೋರಿಸಿಕೊಳ್ಳಲಿಲ್ಲ ಅಷ್ಟೆ.

"ಮೊಣಕಾಲಿನದೇನಾ?"

"ಮತ್ತೆ? ನಿನ್ನ ಮೊಣಕಾಲಿನದಾ?"

"ಹಂಗಾದ್ರೆ ಮೀನು ವಾಪಸು ಬಂದವಾ?"

"ಅವು ಹೋಗೇ ಇರಲಿಲ್ಲ."

"ಎಷ್ಟು ಮಾರು?"

"ಮೂವತ್ತು."

"ನಿಮ್ಮ ಮೂವತ್ತಾ? ಎರಡು ವರ್ಷದಿಂದ ಆ ಮೂವತ್ತಿಗೆ ಏನಾಗಿತ್ತು ಮತ್ತೆ?"

ಪಾತ್ರೆಯ ಹತ್ತಿರ ನಿಂತಿದ್ದ ಬರ್ನಡೆಟ್ ಅಮ್ಮನ ಮುಖ ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಯುಲಾಲಿ ಊರೆಲ್ಲ ನೋಡುವಂತೆ ಎರಡೂ ಕೈ ಚಾಚಿದಳು. ಒಂದು ಪೂರ್ತಿ, ಒಂದು ಅರ್ಧ.

"ನೋಡ್ಕೊಳಿ. ನನ್ನ ಮಾರು ಗಿಡ್ಡ ಆಗಿದೆ. ಮೀನು ತಪ್ಪಿಲ್ಲ, ನಾನು ತಪ್ಪಿದ್ದು. ಮೀನಿನ ಮೇಲೆ ತಪ್ಪು ಹೊರಿಸಿದೆ, ಇಸಿಡೋರ್‌ನ ಮೇಲೂ ಹೊರಿಸಿದೆ, ಅದೊಂದು ಅವನಿಗೆ ಸಲ್ಲಬೇಕಾದ್ದೇ. ಇದು ಬರ್ನಡೆಟ್‌ಳ ಮೂವತ್ತು ಮಾರು. ಇವಳು ಅಳೆದದ್ದು, ಇವಳು ಹಿಡಿದದ್ದು. ಇನ್ನು ಮೇಲೆ ಮೊಣಕಾಲಿನ ಆಳ ಕೇಳೋರು ಇವಳ ಕೈ ಅಳತೆ ಕೇಳಿ."

ಯಾರೂ ನಗಲಿಲ್ಲ. ಬರ್ನಡೆಟ್ ತಲೆ ತಗ್ಗಿಸಿ ಕಣ್ಣು ಒರೆಸಿಕೊಂಡಳು.

ಮೀನಿನ ತಲೆ ಬೆಂದಾಗ ಬರ್ನಡೆಟ್‌ಳೇ ಅದನ್ನು ದೊಡ್ಡ ತಟ್ಟೆಯಲ್ಲಿ ಹಾಕಿಕೊಂಡು ಗೋಡೆಯ ಬೆಂಚಿನ ಹತ್ತಿರ ಹೋಗಿ ನಿಂತಳು. ಅಲ್ಲಿದ್ದ ಯಾರಿಗೂ ಕೊಡಲಿಲ್ಲ. ತಿರುಗಿ ಅಮ್ಮನನ್ನು ನೋಡಿದಳು. ಕರೆಯುವ ಧೈರ್ಯ ಅವಳಿಗಿರಲಿಲ್ಲ. ಕಾದಳು.

ಯುಲಾಲಿ ಕೋಣೆಯ ಆ ಬದಿಯಿಂದ ನಡೆದು ಬಂದಳು. ಇಷ್ಟು ವರ್ಷ ಮೀನು ಹೊತ್ತು ಇದೇ ಕೋಣೆಗೆ ಬಂದಿದ್ದಳು, ಆಗೆಲ್ಲ ಪಟ್ಟ ಜಂಬವನ್ನು ಒಟ್ಟು ಸೇರಿಸಿದರೂ ಇವತ್ತಿನದಕ್ಕೆ ಸಮವಾಗುತ್ತಿರಲಿಲ್ಲ. ತಲೆ ಎತ್ತಿಯೇ ಇತ್ತು.

ಇಸಿಡೋರ್ ಬೆಂಚಿನ ಮೇಲೆ ಕಾಲು ಅಗಲಿಸಿ ಕೂತು ನೋಡುತ್ತಿದ್ದ. "ಕೊನೆಗೂ ಬಂದ್ರಿ ಅನ್ನಿ, ಅತ್ತಿಗೆ. ನಾನು ಹೇಳಿರಲಿಲ್ವಾ?"

"ನೀನು ಈ ಬೆಂಚಿಗೆ ಬಂದದ್ದು ಬೆನ್ನು ನೋವು ಅಂತ," ಎಂದಳು ಯುಲಾಲಿ. "ನಾನು ಬಂದಿರೋದು ನನ್ನ ಮಗಳು ಮೀನು ತಂದ್ಲು ಅಂತ. ಜರುಗು."

ಇಸಿಡೋರ್ ಜರುಗಿ ಜಾಗ ಬಿಟ್ಟ.